ಒಡ್ಡು ಒಬ್ಬನದಲ್ಲ

ರಾಜ್ಯೋತ್ಸವದ ದಿನ ತಾಯ್ನಾಡನ್ನು ನೆನೆಯದ ಮುಂಬಯಿ ಕನ್ನಡಿಗನಿಲ್ಲ. ನಾಡೆಂದರೆ ನುಡಿ, ನಾಡೆಂದರೆ ಗುಡಿಗೋಪುರ, ನಾಡೆಂದರೆ ಅರಸರ ಬಿರುದುಬಾವಲಿ. ಇವೆಲ್ಲ ನಿಜವೇ. ಆದರೆ ಎಲ್ಲಕ್ಕೂ ಮೊದಲು ನಾಡೆಂದರೆ ಮಣ್ಣು. ಹಗಲೆಲ್ಲ ಬ್ಯಾಂಕಿನಲ್ಲಿ ಕುಳಿತು ಪರರ ಜಮೆ-ಖರ್ಚು ಬರೆಯುವ ನಮಗೆ, ನಮ್ಮದೇ ಮಣ್ಣಿನ ಜಮೆ-ಖರ್ಚನ್ನು ನೋಡಬೇಕಾದ ಪ್ರಸಂಗವೊಂದು ಬಂದೊದಗಿತು. ಅದರ ನೆವದಿಂದ ತಿಳಿದುಕೊಂಡ ಹಿಂದಿನ ಸಂಗತಿಗಳನ್ನು ವಾಚಕರ ಮುಂದಿಡುತ್ತಿದ್ದೇವೆ.

ಸಿಂದಗಿ ತಾಲೂಕಿನ ನಮ್ಮ ಹಳ್ಳಿಯಲ್ಲಿ ಮುತ್ತಜ್ಜನ ಕಾಲದಿಂದ ಬಂದ ಎಂಟೆಕರೆ ಎರೆ ಹೊಲವುಂಟು. ತಂದೆಯವರು ನೌಕರಿಗೆಂದು ಮುಂಬಯಿಗೆ ಬಂದ ಮೇಲೆ ಅದನ್ನು ಪಾಲಿಗೆ ಹಚ್ಚಿದ್ದಾಯಿತು. ಪಾಲುದಾರ ಬಿತ್ತಿದ, ನಾವು ಪಾಲು ತೆಗೆದುಕೊಂಡೆವು. ಹೊಲದ ಒಡ್ಡಿನ ಗೊಡವೆ ಮಾತ್ರ ಯಾರಿಗೂ ಬೇಡವಾಯಿತು. ಕೋಡಿಯ ಕಲ್ಲುಗಳನ್ನು ಯಾರೋ ಕಿತ್ತೊಯ್ದರು. ಎರಡು ವರ್ಷದ ಹಿಂದೆ ಸಪ್ಟಂಬರಿನ ಒಂದು ರಾತ್ರಿ ಬಿದ್ದ ಜಡಿಮಳೆಗೆ ಒಡ್ಡು ಒಡೆಯಿತು. ನಿಂತ ನೀರೆಲ್ಲ ಕೆಳಗಿನ ಹೊಲಕ್ಕೆ ನುಗ್ಗಿ, ನಡುವೆತ್ತರ ಬೆಳೆದಿದ್ದ ತೊಗರಿಯನ್ನು ಮಣ್ಣುಸಹಿತ ಹಳ್ಳಕ್ಕೆ ಒಯ್ದಿತು. ಮರುದಿನ ಆ ಹೊಲದ ಕಾಕಾ ಫೋನು ಮಾಡಿದರು. ಬೈಯಲಿಲ್ಲ. “ತಮ್ಮಾ, ಒಡ್ಡು ನಿಮ್ದು, ಹರಕೊಂಡು ಹೋಗಿದ್ದು ನನ್ನ ಹೊಲ” ಎಂದಷ್ಟೇ ಅಂದರು. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು.

ಬಿಜಾಪುರದ ಸೀಮೆಯಲ್ಲಿ, ಎಂದರೆ 2014ರಿಂದ ವಿಜಯಪುರವೆಂದು ಕರೆಯಲ್ಪಡುವ ಜಿಲ್ಲೆಯಲ್ಲಿ, ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರು. ಅದೂ ಹದವಾಗಿ ಬೀಳುವುದಿಲ್ಲ. ತಿಂಗಳು ಕಾಯಿಸಿ ಒಂದೇ ರಾತ್ರಿ ಸುರಿಯುತ್ತದೆ. ಒಂದೆಕರೆಯ ಮೇಲೆ ಒಂದಿಂಚು ಮಳೆ ಬಿದ್ದರೆ ಸುಮಾರು ಒಂದು ಲಕ್ಷ ಲೀಟರು ನೀರಾಯಿತು. ಆ ನೀರು ನೆಲದಲ್ಲಿ ಇಂಗಿದರೆ ಹಿಂಗಾರಿಯ ಬಿಳಿಜೋಳಕ್ಕೆ ಅದೇ ಜೀವ. ಇಂಗದೆ ಹರಿದರೆ ಮಣ್ಣನ್ನೂ ಕರೆದೊಯ್ಯುತ್ತದೆ. ಒಂದೆಕರೆಯಿಂದ ಒಂದೇ ಮಿಲಿಮೀಟರು ದಪ್ಪದ ಮಣ್ಣು ಸವೆದರೂ ಸುಮಾರು ಐದು ಟನ್ನು ಹೋದಂತೆ. ಕಣ್ಣಿಗೆ ಕಾಣದ ಈ ಖರ್ಚನ್ನು ತಡೆಯಲೆಂದೇ ನಮ್ಮ ಹಿರಿಯರು ಇಳಿಜಾರಿಗೆ ಅಡ್ಡಲಾಗಿ ಒಡ್ಡು ಹಾಕುತ್ತಿದ್ದರು.

ಒಡ್ಡಿಗೆ ಬೆವರೂ ಬೇಕು, ಹಣವೂ ಬೇಕು. ಹಣವನ್ನು ಕೊಡುವವರು ಯಾರು? ಇಲ್ಲಿಂದಲೇ ನಮ್ಮ ಇತಿಹಾಸದ ಎಳೆ ಆರಂಭವಾಗುತ್ತದೆ. ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರಗಳು ಆಗ ಮುಂಬಯಿ ಇಲಾಖೆಗೆ ಸೇರಿದ್ದವು. ಈ ಇಲಾಖೆಯ 1865ರ ಭೂಮಾಪನ ಕಾಯಿದೆಯಲ್ಲಿ ಒಂದು ಒಳ್ಳೆಯ ಮಾತಿತ್ತು. ರೈತನು ಸ್ವಂತ ಹಣದಿಂದ ಹೊಲವನ್ನು ಸುಧಾರಿಸಿಕೊಂಡರೆ, ಆ ಕಾರಣಕ್ಕಾಗಿ ಮುಂದಿನ ಸಲ ಕಂದಾಯ ಏರಿಸಕೂಡದು ಎಂಬುದೇ ಆ ಮಾತು. ಒಡ್ಡು ಹಾಕಿದವನಿಗೆ ದಂಡ ಬೀಳಬಾರದೆಂಬ ಅರಿವು ಅಷ್ಟು ಹಿಂದೆಯೇ ಇತ್ತು. ಆದರೆ ದಂಡವಿಲ್ಲದ ಮಾತ್ರಕ್ಕೆ ಬಂಡವಾಳ ಬಂದೀತೆ?

1876ರಿಂದ 78ರ ವರೆಗೆ ಧಾತು-ಈಶ್ವರ ಸಂವತ್ಸರಗಳ ಘೋರ ಬರ ಬಂತು. ಬಿಜಾಪುರದ ಸೀಮೆ ಆಗ ಕಲಾದಗಿ ಜಿಲ್ಲೆಯೆನಿಸಿತ್ತು. ಊರಿಗೆ ಊರೇ ಬರಿದಾದ ಆ ಬರದ ತರುವಾಯ ನೇಮಕವಾದ ಆಯೋಗವು 1880ರಲ್ಲಿ ವರದಿ ಕೊಟ್ಟಿತು. ಬಳಿಕ ಎರಡು ಕಾಯಿದೆಗಳು ಬಂದವು. 1883ರ ಕಾಯಿದೆ ಜಮೀನಿನ ಸುಧಾರಣೆಗೆ ಸಾಲ ಕೊಡುವುದು. 1884ರದು ಬೀಜ, ದನ ಮುಂತಾದ ಗಡಿಬಿಡಿಯ ಅವಶ್ಯಕತೆಗಳಿಗೆ. ಇವನ್ನೇ ನಮ್ಮ ಕಡೆ ತಗಾವಿ ಸಾಲವೆಂದು ಕರೆದರು. ಬಾವಿ, ಕೆರೆಗಳ ಜೊತೆಗೆ ನೀರಿನ ಕೊರೆತದಿಂದ ಹೊಲವನ್ನು ಕಾಪಾಡುವ ಕೆಲಸವನ್ನೂ 1883ರ ಕಾಯಿದೆ ಸುಧಾರಣೆಯೆಂದು ಒಪ್ಪಿತ್ತು. ಸಾಲ ತೀರಿಸಲು 35 ವರ್ಷಗಳವರೆಗೆ ಅವಧಿ ಕೊಡಬಹುದಿತ್ತು. ಬ್ಯಾಂಕಿನವರಾದ ನಮಗೆ ಈ ಅವಧಿ ಕಂಡು ಆಶ್ಚರ್ಯವೇ ಆಯಿತು. ಆದರೆ ಬಾಕಿ ಉಳಿದರೆ ಭೂಕಂದಾಯದ ಬಾಕಿಯಂತೆಯೇ ವಸೂಲಿ. ಅದಲ್ಲದೆ ಜಾಮೀನು ಕೊಡಬಲ್ಲವನಿಗೆ, ಹಕ್ಕಿನ ಕಾಗದ ಸರಿಯಿದ್ದವನಿಗೆ ದಾರಿ ಸುಗಮ. ಉಳಿದವನಿಗೆ ಸಾವಕಾರನೇ ಗತಿ. ಮೇಲಾಗಿ ಈ ಸಾಲ ಒಬ್ಬೊಬ್ಬನಿಗೆ ಬೇರೆ ಬೇರೆ. ನೀರಿಗೋ ಸರ್ವೇ ನಂಬರು ಗೊತ್ತಿಲ್ಲ. ಮೇಲಿನವನು ಒಡ್ಡು ಹಾಕದಿದ್ದರೆ ಕೆಳಗಿನವನ ಸಾಲ ಮೊದಲ ಮಳೆಯಲ್ಲೇ ಕೊಚ್ಚಿಹೋಯಿತು.

ಹತ್ತು ಜನ ಕೂಡಿದರೆ ಏನಾದೀತೆಂಬುದನ್ನು ತೋರಿಸಿದ್ದು ಗದಗಿನ ಬಳಿಯ ಕಣಗಿನಹಾಳ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂತು. ಮರುವರ್ಷವೇ, 1905ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಆ ಹಳ್ಳಿಯ ಸಂಘ ದಾಖಲಾಯಿತು. ಆ ಕಾಯಿದೆಯ ಮೇರೆಗೆ ಹಳ್ಳಿಯ ಸಂಘದ ಹೊಣೆ ಅಪರಿಮಿತವಾದುದು. ಒಬ್ಬನು ಸಾಲ ಮುಳುಗಿಸಿದರೆ ಉಳಿದವರೆಲ್ಲರೂ ಬಾಧ್ಯರು. ಆದುದರಿಂದ ನೆರೆಯವನು ಸಾಲದ ಹಣವನ್ನು ಬಾವಿಗೆ ಹಾಕಿದನೋ ಮದುವೆಗೆ ಹಾಕಿದನೋ ಎಂದು ಎಲ್ಲರೂ ಕಣ್ಣಿಡುತ್ತಿದ್ದರು. ಇಂಥ ಸಂಘಗಳಿಗೆ ಹಣ ಒದಗಿಸಲು ಇದೇ ಮುಂಬಯಿಯಲ್ಲಿ 1911ರಲ್ಲಿ ವಿಠಲದಾಸ ಠಾಕರಸಿ ಮತ್ತು ಲಲ್ಲೂಭಾಯಿ ಸಾಮಳದಾಸರ ಪ್ರಯತ್ನದಿಂದ ಕೇಂದ್ರ ಸಹಕಾರಿ ಬ್ಯಾಂಕು ಸ್ಥಾಪನೆಯಾಯಿತು. ನಾವಿರುವ ಈ ಶಹರಕ್ಕೂ ನಮ್ಮ ಹೊಲಗಳಿಗೂ ಇದ್ದ ನಂಟು ನೌಕರಿಯದೊಂದೇ ಅಲ್ಲವೆಂಬುದಕ್ಕೆ ಇದು ಸಾಕ್ಷಿ.

ಹಣದ ದಾರಿಯಾಯಿತು; ಇನ್ನು ವಿದ್ಯೆ ಬೇಕು. 1933ರ ಸುಮಾರಿಗೆ ಬಿಜಾಪುರ, ಸೊಲ್ಲಾಪುರ, ರಾಯಚೂರು, ಬಳ್ಳಾರಿಯ ಹತ್ತಿರದ ಹಗರಿ ಮೊದಲಾದೆಡೆ ಒಣಬೇಸಾಯದ ಸಂಶೋಧನೆ ನಡೆಯತೊಡಗಿತು. ಇಳಿಜಾರಿನ ಒಂದೇ ಮಟ್ಟದ ಗುಂಟ ಒಡ್ಡು ಹಾಕಿ, ಹೆಚ್ಚಿನ ನೀರಿಗೆ ಕಲ್ಲಿನ ಕೋಡಿ ಬಿಡುವ ಪದ್ಧತಿ ಬಳಕೆಗೆ ಬಂತು. 1942ರ ಮುಂಬಯಿ ಕಾಯಿದೆ ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು. ಒಂದೊಂದು ಹೊಲಕ್ಕಲ್ಲ, ಇಡೀ ಪ್ರದೇಶಕ್ಕೆ ಒಂದು ಯೋಜನೆ. ಮಾಲೀಕರ ಆಕ್ಷೇಪಣೆ ಕೇಳುವುದು. ಕೆಲಸ ಮುಗಿದ ಮೇಲೆ ಖರ್ಚಿನ ಪಾಲನ್ನೂ ಒಡ್ಡಿನ ದುರಸ್ತಿಯ ಹೊಣೆಯನ್ನೂ ಅವರಿಗೆ ವಹಿಸುವುದು. ಅದೇ ಸಮಯಕ್ಕೆ 1942-43ರ ಬರ ಬಿತ್ತು. ಬಿಜಾಪುರ ಜಿಲ್ಲೆಯಲ್ಲಿ ಬರಗಾಲದ ಕಾಮಗಾರಿಯಾಗಿ ಸಾವಿರಾರು ಕೈಗಳು ಒಡ್ಡು ಹಾಕಿದವು. ನಮ್ಮ ಹೊಲದ ಒಡ್ಡೂ ಆ ಬರದ್ದೇ ಎಂದು ಅಜ್ಜ ಹೇಳುತ್ತಿದ್ದರು. ಹಸಿದವರ ಬುಟ್ಟಿ ಮಣ್ಣಿನಿಂದ ಎದ್ದ ಒಡ್ಡು ಅದು!

ಆ ಪದ್ಧತಿಯಲ್ಲಿ ಕುಂದಿರಲಿಲ್ಲವೆಂದು ನಾವು ಹೇಳಲಾರೆವು. ಆಳವಾದ ಎರೆ ಮಣ್ಣಿನಲ್ಲಿ ನೀರು ಬೇಗ ಇಂಗದೆ ಒಡ್ಡಿನ ಹಿಂದೆ ನಿಂತು ಬಿತ್ತನೆ ತಡವಾಗುತ್ತಿತ್ತು. ಬೇಸಿಗೆಯಲ್ಲಿ ಒಡ್ಡೇ ಬಿರಿದು, ಬಿರುಕಿನಿಂದ ಒಡೆಯುತ್ತಿತ್ತು. ಹೊಲದ ಮೇರೆಯನ್ನು ಲೆಕ್ಕಿಸದೆ ಅಡ್ಡಾದಿಡ್ಡಿ ಹೋದ ಒಡ್ಡು ರೈತನಿಗೆ ಹಿಡಿಸಲಿಲ್ಲ. ತಜ್ಞರೂ ಪಾಠ ಕಲಿತರು. ಅಂಥ ನೆಲಕ್ಕೆ ತುಸು ಇಳಿಜಾರು ಕೊಟ್ಟ ಒಡ್ಡು, ಬಿತ್ತನೆಗೆ ಮುಂಚೆ ಕಟ್ಟುವ ಚೌಕುಮಡಿ ಇವು ಉತ್ತಮವೆಂದು ಕಂಡುಕೊಂಡರು.

1956ರಲ್ಲಿ ನಾಡು ಒಂದಾಯಿತು. 1982ರಲ್ಲಿ ನಬಾರ್ಡ್ ಹುಟ್ಟಿ ಗ್ರಾಮೀಣ ಸಾಲಕ್ಕೆ ಆಸರೆಯಾಯಿತು. 1980ರ ದಶಕದಿಂದ ಕರ್ನಾಟಕದಲ್ಲಿ ಜಲಾನಯನವೆಂಬ ಮಾತು ಬಳಕೆಗೆ ಬಂತು. 2000ದಲ್ಲಿ ಅದಕ್ಕೊಂದು ಪ್ರತ್ಯೇಕ ಇಲಾಖೆಯೇ ಆಯಿತು. ಮುಂದೆ ವಿಶ್ವಬ್ಯಾಂಕಿನ ನೆರವಿನ ಸುಜಲ ಯೋಜನೆ ಧಾರವಾಡ, ಹಾವೇರಿ, ಚಿತ್ರದುರ್ಗ, ತುಮಕೂರು, ಕೋಲಾರ ಜಿಲ್ಲೆಗಳಲ್ಲಿ ನಡೆಯಿತು. ಅದರಲ್ಲಿ ಹೊಲದವರೇ ಗುಂಪು ಕಟ್ಟಿಕೊಂಡು, ಕೆಲಸ ನಿರ್ಧರಿಸಿ, ಖರ್ಚಿನಲ್ಲೂ ಒಂದು ಪಾಲು ಹಾಕಬೇಕಿತ್ತು. 2014ರ ಕೃಷಿಭಾಗ್ಯದಲ್ಲಿ ಕೃಷಿಹೊಂಡಕ್ಕೆ ಸಹಾಯಧನ ದೊರೆಯಿತು. ನೆರವು ಬರಲಿಲ್ಲವೆನ್ನುವಂತಿಲ್ಲ. ಬಂದ ನೆರವು ನಿಂತದ್ದು ಮಾತ್ರ ನೆರೆಹೊರೆಯವರು ಕೂಡಿ ನಿಂತ ಕಡೆಯಲ್ಲಿ.

ಹಾಗಾದರೆ ನಮ್ಮ ಒಡ್ಡು ಒಡೆದದ್ದು ಯಾರ ತಪ್ಪು? ದುರಸ್ತಿಗೆ ನೆರವು ಕೇಳಲು ಉತಾರ ತೆಗೆಸಿದೆವು. ಅದರಲ್ಲಿ ಇನ್ನೂ ಅಜ್ಜನ ಹೆಸರೇ! ಅವರು ತೀರಿಕೊಂಡು ಹದಿನಾಲ್ಕು ವರ್ಷ. ವಾರಸುದಾರರು ಮುಂಬಯಿ, ಪುಣೆ, ಸೊಲ್ಲಾಪುರಗಳಲ್ಲಿ ಚದುರಿದ್ದೇವೆ. ಇಂಡಿಯಲ್ಲಿರುವ ಸೋದರತ್ತೆಯವರ ಸಹಿಯೂ ಬೇಕು. ಯಾವ ಕಚೇರಿಯನ್ನು ದೂರೋಣ? ಸರಕಾರದ ಲೆಕ್ಕದಲ್ಲಿ ಆ ಹೊಲಕ್ಕೆ ಜೀವಂತ ಒಡೆಯನೇ ಇರಲಿಲ್ಲ. ಪಾಲು ತಿನ್ನಲು ಐದು ಮನೆ. ಒಡ್ಡಿಗೆ ಮಣ್ಣು ಹಾಕಲು ಒಬ್ಬನೂ ಇಲ್ಲ.

ಐವರ ಸಹಿ ಕೂಡಿಸಿ ವಾರಸಾ ಮಾಡಿಸಲು ಏಳು ತಿಂಗಳು ಹಿಡಿಯಿತು. ಆ ವರ್ಷ ನಮಗೆ ಬಂದ ಜೋಳವನ್ನೆಲ್ಲ ಕಾಕಾನವರ ಮನೆಗೆ ಇಳಿಸಿದೆವು. ಹೋದ ಮಣ್ಣಿಗೆ ಅದು ಬೆಲೆಯಲ್ಲವೆಂಬುದು ಬಲ್ಲೆವು. ಕಳೆದ ಬೇಸಿಗೆಯಲ್ಲಿ ಎಂಟು ದಿನ ರಜೆ ಹಾಕಿ ಊರಿಗೆ ಹೋಗಿ, ಕೈಯಿಂದಲೇ ಹಣ ಹಾಕಿ ಒಡ್ಡನ್ನು ಎತ್ತರಿಸಿದೆವು. ಕೋಡಿ ಎಲ್ಲಿರಬೇಕೆಂದು ತೋರಿಸಿದವರು ಕಾಕಾನವರೇ. ನೀರು ಬರುವುದು ತಮ್ಮ ಹೊಲಕ್ಕಲ್ಲವೇ!

ಈ ಸಂಚಿಕೆ ಓದುವವರಲ್ಲಿ ಊರಿನಲ್ಲಿ ಎರಡೆಕರೆಯಾದರೂ ಇರುವವರು ಅನೇಕರಿರಬೇಕು. ಅವರಲ್ಲಿ ನಮ್ಮದೊಂದೇ ಬಿನ್ನಹ. ಮುಂದಿನ ಸಲ ಊರಿಗೆ ಹೋದಾಗ ಜಾತ್ರೆ ಮುಗಿಸಿ ಅರ್ಧ ದಿನ ಹೊಲದ ಮೇರೆ ಸುತ್ತಿರಿ. ಉತಾರದಲ್ಲಿ ಯಾರ ಹೆಸರಿದೆ ನೋಡಿರಿ. ಕೋಡಿಯ ಕಲ್ಲು ಇದೆಯೋ ಇಲ್ಲವೋ, ಕೆಳಗಿನ ಹೊಲದವರನ್ನು ಕೇಳಿರಿ. ಅವರಿಗೆ ಗೊತ್ತಿರುತ್ತದೆ.