ಏಳನೇ ಮಟ್ಟದ ಎರಡು ಅಪಘಾತಗಳು

ಫುಕುಶಿಮಾ ದಾಯಿಚಿ ಅಪಘಾತಕ್ಕೆ ಜಪಾನಿನ ನಿಯಂತ್ರಕರು 2011ರ ಮಾರ್ಚ್ 12ರಂದು ತಾತ್ಕಾಲಿಕವಾಗಿ ಕೊಟ್ಟದ್ದು 4ನೇ ಮಟ್ಟ. ಮಾರ್ಚ್ 18ಕ್ಕೆ ಅದು 5 ಆಯಿತು, ಏಪ್ರಿಲ್ 12ಕ್ಕೆ 7. ವಿಕಿರಣದ ದೊಡ್ಡ ಪಾಲು ಮಾರ್ಚ್‌ನಲ್ಲೇ ಹೊರಬಿದ್ದಿತ್ತು. ಏಪ್ರಿಲ್‌ನಲ್ಲಿ ಬದಲಾದದ್ದು ಅದರ ಅಂದಾಜು ಮಾತ್ರ. ಆದರೂ ಫುಕುಶಿಮಾ ಅದೇ 7ನೇ ಮಟ್ಟದ ಚೆರ್ನೋಬಿಲ್‌ಗೆ ಸಮ ಎಂಬ ಮಾತು ಅಂದಿನಿಂದ ಬೇರೂರಿತು. ಈ ಸಮೀಕರಣ ಎಷ್ಟು ಸರಿ ಎಂಬುದು ಇಲ್ಲಿನ ಪ್ರಶ್ನೆ.

ಈ ಮಟ್ಟಗಳನ್ನು ಕೊಡುವ, ಐನೆಸ್ ಎಂದು ಕರೆಯುವ ಅಂತಾರಾಷ್ಟ್ರೀಯ ಮಾಪಕ ಬಳಕೆಗೆ ಬಂದದ್ದು 1990ರಲ್ಲಿ. ಅದರಲ್ಲಿ 1ರಿಂದ 3 ಘಟನೆಗಳು, 4ರಿಂದ 7 ಅಪಘಾತಗಳು. ಒಂದೊಂದು ಮೆಟ್ಟಿಲಿಗೂ ತೀವ್ರತೆ ಸುಮಾರು ಹತ್ತು ಪಟ್ಟು ಏರುತ್ತದೆ. ಆದರೆ 7ರ ಮೇಲೆ ಮೆಟ್ಟಿಲೇ ಇಲ್ಲ. ಅಯೋಡಿನ್-131ಕ್ಕೆ ಸಮೀಕರಿಸಿದ ಸೋರಿಕೆ ಕೆಲವು ಹತ್ತು ಸಾವಿರ ಟೆರಾಬೆಕೆರೆಲ್ ದಾಟಿದರೆ ಸಾಕು, ಅಪಘಾತ 7ಕ್ಕೆ ಸೇರುತ್ತದೆ. 2011ರ ಏಪ್ರಿಲ್‌ನಲ್ಲಿ ಜಪಾನಿನ ಎರಡು ಸಂಸ್ಥೆಗಳು ಫುಕುಶಿಮಾಕ್ಕೆ ಕೊಟ್ಟ ಅಂದಾಜು 3.7 ಲಕ್ಷ ಮತ್ತು 6.3 ಲಕ್ಷ. ಚೆರ್ನೋಬಿಲ್‌ನದು 52 ಲಕ್ಷ. ಮಾಪಕದ ತರ್ಕವನ್ನೇ ಮುಂದುವರಿಸಿದ್ದರೆ ಇವೆರಡರ ನಡುವೆ ಸರಿಸುಮಾರು ಒಂದು ಮೆಟ್ಟಿಲಿನ ಅಂತರ ಇರಬೇಕಿತ್ತು.

ಇದಕ್ಕಿಂತ ಆಳದ ತೊಡಕು ಇನ್ನೊಂದಿದೆ. ಅಂಕಿ ಬರುವುದು ಮೂರು ಬೇರೆ ದಾರಿಗಳಿಂದ: ಜನ ಮತ್ತು ಪರಿಸರಕ್ಕಾದ ಹಾನಿ, ಸ್ಥಾವರದ ಒಳಗಿನ ತಡೆಗಳ ಭಂಗ, ಸುರಕ್ಷತಾ ಪದರಗಳ ವೈಫಲ್ಯ. 1979ರಲ್ಲಿ ಅಮೆರಿಕದ ತ್ರೀ ಮೈಲ್ ಐಲೆಂಡ್‌ನಲ್ಲಿ ಇಂಧನದ ಸುಮಾರು ಅರ್ಧ ಭಾಗ ಕರಗಿತು. ಹೊರಬಿದ್ದ ಅಯೋಡಿನ್ ಅತ್ಯಲ್ಪ. 1987ರಲ್ಲಿ ಬ್ರೆಜಿಲ್‌ನ ಗೊಯಾನಿಯಾದಲ್ಲಿ ರಿಯಾಕ್ಟರೇ ಇರಲಿಲ್ಲ. ಪಾಳುಬಿದ್ದ ಚಿಕಿತ್ಸಾಲಯದ ಯಂತ್ರದಿಂದ ಹೊರಬಂದ ಸೀಸಿಯಂ ನಾಲ್ವರನ್ನು ಕೊಂದಿತು. ಎರಡಕ್ಕೂ ಸಿಕ್ಕಿದ್ದು 5. ನಮ್ಮ ದೇಶದ ನರೋರಾ ಪರಮಾಣು ಸ್ಥಾವರದಲ್ಲಿ 1993ರ ಮಾರ್ಚ್ 31ರಂದು ಟರ್ಬೈನ್ ಅಲಗುಗಳು ಮುರಿದು ಬೆಂಕಿ ಹೊತ್ತಿತು, ಕೇಬಲ್‌ಗಳು ಸುಟ್ಟವು, ಸುಮಾರು 17 ಗಂಟೆ ವಿದ್ಯುತ್ ಇರಲಿಲ್ಲ. ಅಗ್ನಿಶಾಮಕ ಪಂಪುಗಳ ನೀರಿನಿಂದ ಶಾಖ ಇಳಿಸಿದರು. ವಿಕಿರಣ ಹೊರಬರಲಿಲ್ಲ. ಅದಕ್ಕೆ ಕೊಟ್ಟ 3 ಆದ ಹಾನಿಯ ಅಳತೆಯಲ್ಲ. ಅನಾಹುತದ ಹತ್ತಿರಕ್ಕೆ ಹೋಗಿಬಂದ ದೂರದ ಅಳತೆ. ನನಗೆ ಇದು ಮಾಪಕದ ಅತ್ಯಂತ ಅಮೂಲ್ಯವಾದ ಬಳಕೆ ಎನಿಸುತ್ತದೆ, ಆದರೆ ಅಂಕಿಯನ್ನಷ್ಟೇ ಓದುವವರಿಗೆ ಅದು ಕಾಣುವುದೇ ಇಲ್ಲ.

ಹಾಗಾಗಿ ಯಾವ ದಾರಿಯಿಂದ ಬಂದ ಅಂಕಿ ಎಂಬುದನ್ನು ಹೇಳದೆ ಅಂಕಿಯನ್ನು ಬರೆಯಬಾರದು. ಸೋರಿಕೆಯ ಪ್ರಮಾಣ, ಜನರಿಗೆ ತಗುಲಿದ ಡೋಸ್, ಊರು ಬಿಟ್ಟವರ ಸಂಖ್ಯೆ ಇವನ್ನು ಬೇರೆ ಬೇರೆಯಾಗಿಯೇ ಕೊಡಬೇಕು. ಚೆರ್ನೋಬಿಲ್‌ನಲ್ಲಿ ತೀವ್ರ ವಿಕಿರಣ ರೋಗದಿಂದ ಕೆಲವೇ ತಿಂಗಳಲ್ಲಿ 28 ಜನ ಸತ್ತರು. ಫುಕುಶಿಮಾದಲ್ಲಿ ಆ ರೋಗದಿಂದ ಯಾರೂ ಸಾಯಲಿಲ್ಲ. ಇಷ್ಟಕ್ಕೇ ನಿಂತು ಫುಕುಶಿಮಾವನ್ನು ಹಗುರವಾಗಿ ಕಾಣುವುದೂ ತಪ್ಪು. ಅಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಮನೆ ತೊರೆದರು. ಆಸ್ಪತ್ರೆ, ವೃದ್ಧಾಶ್ರಮಗಳಿಂದ ಅವಸರದಲ್ಲಿ ಸಾಗಿಸಿದ ರೋಗಿಗಳಲ್ಲಿ ಹಲವರು ಆರೈಕೆಯಿಲ್ಲದೆ ತೀರಿಕೊಂಡರು. ವಿಪತ್ತಿನ ನಂತರದ ಬವಣೆಯಿಂದಾದ ಸಾವುಗಳೆಂದು ಫುಕುಶಿಮಾ ಪ್ರಾಂತದಲ್ಲಿ ಅಧಿಕೃತವಾಗಿ ಗುರುತಿಸಿದವು 2,300ಕ್ಕೂ ಹೆಚ್ಚು. ಐನೆಸ್‌ನ ಮೂರು ದಾರಿಗಳಲ್ಲಿ ಯಾವುದೂ ಈ ಸಾವುಗಳನ್ನು ಎಣಿಸುವುದಿಲ್ಲ.