ಮನೆ ಧ್ವನಿಮುದ್ರಣ: ಕನ್ನಡ ಕಂಠದಾನದ ಚರಿತ್ರೆ

ಜಾಹೀರಾತು, ಸಾಕ್ಷ್ಯಚಿತ್ರ, ಕೇಳುಪುಸ್ತಕ, ಪಾಠದ ವಿಡಿಯೊ, ಡಬ್ಬಿಂಗ್ ಇಂಥವಕ್ಕೆ ಬೇಕಾದ ಧ್ವನಿಯನ್ನು ಸ್ಟುಡಿಯೊಗೆ ಹೋಗದೆ ವಾಸದ ಮನೆಯಲ್ಲೇ ಮುದ್ರಿಸುವುದು ಮನೆ ಧ್ವನಿಮುದ್ರಣ. ಮೈಕು, ಕಂಪ್ಯೂಟರುಗಳು ಅಗ್ಗವಾದದ್ದರಿಂದ ಇದು ಸಾಧ್ಯವಾಯಿತೆಂಬುದು ಅರ್ಧ ಸತ್ಯ. ಮುದ್ರಣದ ಗುಣ ಎಂದಿನಿಂದಲೂ ಕೋಣೆಯನ್ನೇ ಹೆಚ್ಚು ಅವಲಂಬಿಸಿದೆ. ಚಿಕ್ಕಮಗಳೂರು ಜಿಲ್ಲೆಯ ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಮನೆಯಲ್ಲಿ ಕೂತು ದನಿಕೆಲಸ ಮಾಡುವವರಿಗೂ ಮೊದಲು ಎದುರಾಗುವುದು ಕೋಣೆಯೇ.

ಕನ್ನಡದಲ್ಲಿ ಈ ಚರಿತ್ರೆ ಒಂದು ಮನೆಯಿಂದಲೇ ಶುರುವಾಗುತ್ತದೆ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆ 'ವಿಠ್ಠಲ ವಿಹಾರ'ದಲ್ಲಿ ಸಣ್ಣ ಪ್ರೇಷಕವೊಂದನ್ನು ಇಟ್ಟುಕೊಂಡು ರೇಡಿಯೊ ಕೇಂದ್ರ ಆರಂಭಿಸಿದರು. ಅದರ ಹೆಸರು 'ಆಕಾಶವಾಣಿ'. ಮುಂದೆ ಇಡೀ ದೇಶದ ಬಾನುಲಿ ಆ ಹೆಸರನ್ನೇ ತನ್ನದಾಗಿಸಿಕೊಂಡಿತು. ಕೇಂದ್ರವನ್ನು ಕೆಲವು ವರ್ಷಗಳ ಬಳಿಕ ಮೈಸೂರು ಸಂಸ್ಥಾನ ವಹಿಸಿಕೊಂಡಿತು. 1950ರಲ್ಲಿ ಅದು ಆಲ್ ಇಂಡಿಯಾ ರೇಡಿಯೊಗೆ ಸೇರಿತು. ಹೀಗೆ ಕನ್ನಡದ ದನಿ ಮನೆಯಿಂದ ಹೊರಟು, ದಪ್ಪ ಗೋಡೆ, ಜೋಡಿ ಬಾಗಿಲು, ರಂಧ್ರದ ಹಲಗೆಗಳ ಸ್ಟುಡಿಯೊ ಸೇರಿಕೊಂಡಿತು. 1965ರಲ್ಲಿ ಭದ್ರಾವತಿ ಕೇಂದ್ರ ಶುರುವಾದ ಮೇಲೆ ತರೀಕೆರೆ ಸೀಮೆಯ ಕಿವಿಗೆ 675 ಕಿಲೋಹರ್ಟ್ಸ್‌ನ ಆ ದನಿ ನಿತ್ಯದ ಒಡನಾಡಿಯಾಯಿತು. ಶುದ್ಧ ಮುದ್ರಣ ಹೇಗಿರಬೇಕು ಎಂಬ ಅಳತೆಗೋಲು ಇಲ್ಲಿಯ ಜನರಿಗೆ ದೊರೆತದ್ದು ಹೀಗೆ.

ದನಿಯ ಕೆಲಸ ಮತ್ತೆ ಮನೆಗೆ ಬಂದದ್ದು ಕ್ಯಾಸೆಟ್ಟಿನಿಂದ. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಈ ಪುಟ್ಟ ಟೇಪು ಮುಂದಿನ ಎರಡು ದಶಕಗಳಲ್ಲಿ ಹಳ್ಳಿಹಳ್ಳಿಯನ್ನು ಮುಟ್ಟಿತು. ಭಜನೆ, ತತ್ವಪದ, ನಾಟಕದ ಮಾತು, ದೂರದೂರಿನ ಮಕ್ಕಳಿಗೆ ಹೇಳಿ ಕಳಿಸುವ ಸುದ್ದಿ, ಎಲ್ಲವೂ ಟೇಪಿಗೆ ಸೇರಿದವು. ಅವುಗಳ ಗುಣ ಮಾತ್ರ ಸಾಧಾರಣವಾಗಿತ್ತು. ಟೇಪಿನ ಸುಯ್ಯೆನ್ನುವ ಸದ್ದು ಒಂದು ಕಾರಣ. ಅದಕ್ಕಿಂತ ದೊಡ್ಡದು ಆ ಯಂತ್ರಗಳಲ್ಲಿದ್ದ ತಾನೇ ಮಟ್ಟ ಹೊಂದಿಸಿಕೊಳ್ಳುವ ವ್ಯವಸ್ಥೆ. ಮಾತು ನಿಂತ ಕೂಡಲೇ ಅದು ಗ್ರಹಣಶಕ್ತಿಯನ್ನು ಏರಿಸಿ, ಫ್ಯಾನು, ಕಾಗೆ, ಪಕ್ಕದ ಮನೆಯ ಮಾತನ್ನೆಲ್ಲ ಮುಂದಕ್ಕೆ ಎಳೆದು ತರುತ್ತಿತ್ತು. ಇಂದಿನ ಮೊಬೈಲುಗಳ ಮಾಮೂಲು ರೆಕಾರ್ಡಿಂಗ್ ಆ್ಯಪ್‌ಗಳಲ್ಲೂ ಹಲವೆಡೆ ಇದೇ ದೋಷ ಉಳಿದಿದೆ.

ವೃತ್ತಿಪರ ಕಂಠದಾನದ ದಾರಿ ಬೇರೆ. 1960ರ ದಶಕದ ಡಬ್ಬಿಂಗ್ ವಿರೋಧಿ ಹೋರಾಟದ ಫಲವಾಗಿ ಕನ್ನಡಕ್ಕೆ ಚಿತ್ರಗಳನ್ನು ಡಬ್ ಮಾಡುವುದು ನಿಂತುಹೋಗಿತ್ತು. ಚಿತ್ರೋದ್ಯಮವನ್ನು ಉಳಿಸಿದ ನಡೆ ಅದೆಂದು ಹಲವರು ಇಂದಿಗೂ ನಂಬುತ್ತಾರೆ; ದನಿ ಕಲಾವಿದರ ಪಾಲಿಗೆ ಒಂದು ದೊಡ್ಡ ಕೆಲಸವೇ ಇಲ್ಲದಂತಾಯಿತೆಂಬುದೂ ಅಷ್ಟೇ ನಿಜ. ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ಈ ತಡೆಯ ವಿರುದ್ಧ ತೀರ್ಪಿತ್ತಿತು. ಆ ಬಳಿಕ ಬೇರೆ ಭಾಷೆಯ ಚಿತ್ರಗಳೂ ಧಾರಾವಾಹಿಗಳೂ ಕನ್ನಡದಲ್ಲಿ ಮಾತಾಡತೊಡಗಿದವು. ಈ ನಡುವೆ ಸದ್ದಿಲ್ಲದೆ ಮನೆ ಮುದ್ರಣವನ್ನು ಬೆಳೆಸಿದವರು ಅಂಧರಿಗಾಗಿ ಓದಿದ ಸ್ವಯಂಸೇವಕರು. 1990ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಮಿತ್ರ ಜ್ಯೋತಿ ಸಂಸ್ಥೆಯ ಮಾತಾಡುವ ಪುಸ್ತಕಗಳ ಭಂಡಾರಕ್ಕೆ ಇಂಥ ಓದುಗರ ಕೊಡುಗೆ ದೊಡ್ಡದು. ಅವರ ಹೆಸರು ಚರಿತ್ರೆಯ ಪುಟಗಳಲ್ಲಿ ಹೆಚ್ಚಾಗಿ ಕಾಣಿಸುವುದಿಲ್ಲ, ಕಾಣಿಸಬೇಕಿತ್ತು. 2000ದಲ್ಲಿ ಬಂದ ಉಚಿತ ತಂತ್ರಾಂಶ ಅಡಾಸಿಟಿ, ಸ್ಟುಡಿಯೊದಲ್ಲಷ್ಟೇ ಸಾಧ್ಯವಿದ್ದ ಕತ್ತರಿಸಿ ಜೋಡಿಸುವ ಕೆಲಸವನ್ನು ಮನೆಯ ಕಂಪ್ಯೂಟರಿಗೆ ತಂದಿತು. 2020ರ ಲಾಕ್‌ಡೌನ್‌ನಲ್ಲಿ ಸ್ಟುಡಿಯೊಗಳು ಮುಚ್ಚಿದಾಗ ಕಂಠದಾನ ಕಲಾವಿದರು ಬೀರುವಿನ ಮುಂದೆ, ಹೊದಿಕೆಯ ಮರೆಯಲ್ಲಿ ಕೂತು ದುಡಿದರು. ಮನೆಯಿಂದಲೇ ಮುದ್ರಿಸಿ ಕಳಿಸುವುದು ಅಲ್ಲಿಂದಾಚೆ ಒಪ್ಪಿತ ಪದ್ಧತಿಯಾಯಿತು.

ಕೋಣೆಯ ವಿಜ್ಞಾನ ಇದಕ್ಕೆಲ್ಲ ಹಿಂದಿನದು. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಉಪನ್ಯಾಸ ಕೋಣೆಯೊಂದರಲ್ಲಿ ಮಾತು ಕಲಸಿಹೋಗುತ್ತಿತ್ತು. ಅದನ್ನು ಸರಿಪಡಿಸಲು ವ್ಯಾಲೇಸ್ ಸಬೈನ್ ಎಂಬ ಯುವ ಭೌತವಿಜ್ಞಾನಿಯನ್ನು ನೇಮಿಸಿದರು. ಆತ ರಾತ್ರಿಗಳಲ್ಲಿ ಪಕ್ಕದ ರಂಗಮಂದಿರದ ಮೆತ್ತೆಗಳನ್ನು ಹೊತ್ತು ತಂದು ಹರಡಿ, ಸದ್ದು ಆರಲು ಎಷ್ಟು ಹೊತ್ತು ಬೇಕೆಂದು ಅಳೆದ. ಮರುದನಿಯ ಅವಧಿ ಕೋಣೆಯ ಗಾತ್ರಕ್ಕೆ ತಕ್ಕಂತೆ ಹೆಚ್ಚುತ್ತದೆ, ಹೀರಿಕೊಳ್ಳುವ ಮೈಗೆ ತಕ್ಕಂತೆ ತಗ್ಗುತ್ತದೆ ಎಂಬ ಸೂತ್ರ ಅಲ್ಲಿ ಹುಟ್ಟಿತು. ಈಗ ಊರೂರಲ್ಲಿ ಏಳುತ್ತಿರುವ ಹತ್ತಡಿ ಹತ್ತಡಿಯ ಆರ್‌ಸಿಸಿ ಕೋಣೆಗೆ ಅದನ್ನು ಅನ್ವಯಿಸಿ ನೋಡಬಹುದು. ಮೂರು ಮೀಟರ್ ಚಚ್ಚೌಕದ ಬರಿ ಗಾರೆಯ ಖಾಲಿ ಕೋಣೆಯಲ್ಲಿ ಸದ್ದು ಆರಲು ಸುಮಾರು 2.7 ಸೆಕೆಂಡು ಬೇಕು. ಹತ್ತು ಚದರ ಮೀಟರಿನಷ್ಟು ದಪ್ಪ ಉಣ್ಣೆಯ ಹೊದಿಕೆ ಅರ್ಧದಷ್ಟು ಸದ್ದನ್ನು ಹೀರಿಕೊಂಡರೆ ಅದು 0.7 ಸೆಕೆಂಡಿಗೆ ಇಳಿಯುತ್ತದೆ. ಹಾಸಿಗೆ, ಬಟ್ಟೆ ತುಂಬಿದ ತೆರೆದ ಬೀರು ಸೇರಿದರೆ ಇನ್ನೂ ಕೆಳಕ್ಕೆ. ಮೊಟ್ಟೆ ಟ್ರೇ ಅಂಟಿಸುವುದು ದಂಡ; ತೆಳು ಫೋಮು ಸಕಾರ ಶಕಾರಗಳ ಚುರುಕನ್ನಷ್ಟೇ ತಿಂದು ಗಂಟಲಿನ ಗುಂಯ್‌ಗಾಟವನ್ನು ಹಾಗೇ ಬಿಡುತ್ತದೆ. ಕಡೂರಿನ ಬಯಲಲ್ಲಿ ಕುರಿ ಸಾಕುವವರ ಕಂಬಳಿ ದುಬಾರಿ ಫಲಕಗಳಿಗೆ ಒಳ್ಳೆಯ ಬದಲಿ. ಅದನ್ನು ಗೋಡೆಗೆ ಒತ್ತದೆ ಗೇಣು ದೂರದಲ್ಲಿ ಇಳಿಬಿಟ್ಟರೆ ತಗ್ಗಿನ ಸ್ವರಗಳೂ ಹೆಚ್ಚು ಪಳಗುತ್ತವೆ.

ಚಚ್ಚೌಕ ಕೋಣೆಗೆ ಇನ್ನೊಂದು ತೊಡಕಿದೆ. ಮೂರು ಮೀಟರ್ ಅಂತರದ ಗೋಡೆಗಳ ನಡುವೆ 57, 114, 171 ಹರ್ಟ್ಸ್‌ನ ಅಲೆಗಳು ನಿಂತುಬಿಡುತ್ತವೆ. ಉದ್ದ ಅಗಲ ಒಂದೇ ಆದಾಗ ಎರಡೂ ಕಡೆಯ ಅಲೆಗಳು ಕೂಡಿ ಗಂಡುದನಿ ಊದಿಕೊಂಡಂತೆ ಕೇಳುತ್ತದೆ. ನಡುಮಧ್ಯ ಕೂರದೆ ಒಂದು ಪಕ್ಕಕ್ಕೆ ಸರಿದರೆ ಇದು ತಗ್ಗುತ್ತದೆ. ನಾಡಹೆಂಚು, ಅಟ್ಟ, ಏರುತಗ್ಗಿನ ಗೋಡೆಗಳಿರುವ ಹಳೆಯ ಮನೆ ಈ ವಿಷಯದಲ್ಲಿ ಹೊಸ ಮನೆಗಿಂತ ಮೇಲು.

ಹೊರಗಿನ ಸದ್ದಿಗೆ ಕಂಬಳಿ ಮದ್ದಲ್ಲ, ಅದನ್ನು ತಡೆಯಲು ತೂಕದ ಗೋಡೆ ಬೇಕು. ಬೀರೂರು ಜಂಕ್ಷನ್ನಿನಿಂದ ಒಂದು ರೈಲುಹಾದಿ ಅಜ್ಜಂಪುರದ ಕಡೆಗೂ ಇನ್ನೊಂದು ತರೀಕೆರೆಯ ಕಡೆಗೂ ಕವಲೊಡೆಯುವುದರಿಂದ ರೈಲಿನ ಸದ್ದು ಎರಡೂ ಕಡೆ ಇದೆ. ತ್ರೀ ಫೇಸ್ ಕರೆಂಟು ಬಂದ ಹೊತ್ತಿಗೆ ತೋಟದ ಮೋಟಾರುಗಳು ಏಳುತ್ತವೆ. ಮಳೆಗಾಲದಲ್ಲಿ ತಗಡಿನ ಸೂರು ಮಾತಾಡಗೊಡುವುದಿಲ್ಲ. ಹೀಗಾಗಿ ಇಲ್ಲಿ ಗೋಡೆ ಕಟ್ಟುವುದಕ್ಕಿಂತ ಹೊತ್ತು ಆರಿಸಿಕೊಳ್ಳುವುದೇ ಅಗ್ಗದ, ಗಟ್ಟಿಯಾದ ಉಪಾಯ. ಕರೆಂಟು ಹೋದಾಗ ಅಗ್ಗದ ಇನ್ವರ್ಟರುಗಳ ಒರಟು ಅಲೆ ಮೈಕಿನ ತಂತಿಗೆ ಗುಂಗು ತುಂಬುತ್ತದೆ. ಆಗ ಲ್ಯಾಪ್‌ಟಾಪನ್ನು ಅದರ ಬ್ಯಾಟರಿಯಲ್ಲೇ ಓಡಿಸುವುದು ಲೇಸು.

ಮೈಕು ಬಾಯಿಂದ ಒಂದು ಗೇಣು ದೂರ, ತುಸು ಓರೆಯಾಗಿ ಇರಬೇಕು. ಪಕಾರ, ಫಕಾರ, ಭಕಾರಗಳ ಉಸಿರು ಆಗ ನೇರ ಬಡಿಯುವುದಿಲ್ಲ. ಕೇಳುಪುಸ್ತಕಗಳಿಗೆ ಅಮೆಜಾನಿನ ಎಸಿಎಕ್ಸ್ ವೇದಿಕೆ ವಿಧಿಸುವ ಅಳತೆಯನ್ನು ಹಲವರು ಮಾದರಿಯಾಗಿ ಬಳಸುತ್ತಾರೆ: ಸರಾಸರಿ ಮಟ್ಟ ಮೈನಸ್ 23ರಿಂದ ಮೈನಸ್ 18 ಡೆಸಿಬೆಲ್, ಶಿಖರ ಮೈನಸ್ 3ನ್ನು ಮೀರಬಾರದು, ಮೌನದ ಗದ್ದಲ ಮೈನಸ್ 60ಕ್ಕಿಂತ ಕೆಳಗಿರಬೇಕು. ಮೊದಲೆರಡನ್ನು ತಂತ್ರಾಂಶ ಸರಿಪಡಿಸಬಲ್ಲದು. ಮೂರನೆಯದನ್ನು ತಂತ್ರಾಂಶದ ಬಲದಿಂದಲೇ ಗೆಲ್ಲಹೊರಟರೆ ಮಾತು ನೀರಿನೊಳಗಿಂದ ಬಂದಂತಾಗುತ್ತದೆ.

ಹೀಗೆ ಮನೆಯಲ್ಲಿ ಓದಿ ಮುದ್ರಿಸಲು ತಕ್ಕ ಕಥೆಗಳೂ ಈ ಸೀಮೆಗೆ ಇವೆ. ಅಜ್ಜಂಪುರ ಸೀತಾರಾಂ, ಅಂದರೆ 'ನಾನು ಕೊಂದ ಹುಡುಗಿ' ಕಥೆಯ ಲೇಖಕ ಆನಂದ, ತೀರಿಕೊಂಡದ್ದು 1963ರಲ್ಲಿ. ಲೇಖಕರ ಮರಣಾನಂತರ 60 ವರ್ಷದ ಹಕ್ಕುಸ್ವಾಮ್ಯ ಮುಗಿದು, ಅವರು ಬದುಕಿದ್ದಾಗ ಪ್ರಕಟವಾದ ಕಥೆಗಳು 2024ರ ಜನವರಿಯಿಂದ ಎಲ್ಲರ ಸ್ವತ್ತಾಗಿವೆ. ಅವರ ಊರಿನವರೇ, ಅವರ ಊರಿನ ಮಾತಿನಲ್ಲೇ, ಅವನ್ನು ತಮ್ಮ ಮನೆಗಳಲ್ಲಿ ಓದಿ ಮುದ್ರಿಸಲಿ.