ಮಾರೀಷಸ್ ನೌಕಾಯಾನವೂ ಅರಿಕುಠಾರದ ನಾಮಾಂತರವೂ

ಚಾಮರಾಜನಗರ, ಗುಂಡ್ಲುಪೇಟೆ ಎಂಬ ಎರಡು ಸೀಮೆಗಳೂ ಸಮುದ್ರಕ್ಕೆ ದೂರವಾದುವು. ಪಶ್ಚಿಮಕ್ಕೆ ವಯನಾಡಿನ ಕಾಡು, ದಕ್ಷಿಣಕ್ಕೆ ನೀಲಗಿರಿ, ಪೂರ್ವಕ್ಕೆ ಬಿಳಿಗಿರಿರಂಗನ ಬೆಟ್ಟಗಳು ಇವನ್ನು ಬಳಸಿಕೊಂಡಿವೆ. ಇಂತಹ ಒಳನಾಡಿನ ಚರಿತ್ರೆಯನ್ನು ಬರೆಯತೊಡಗಿದವರು ಶಾಸನಗಳನ್ನೂ ದೇವಾಲಯಗಳನ್ನೂ ರಾಜವಂಶಾವಳಿಗಳನ್ನೂ ಶೋಧಿಸುವರಲ್ಲದೆ ಹಡಗುಗಳ ವೃತ್ತಾಂತವನ್ನು ಹುಡುಕುವುದಿಲ್ಲ. ಆದರೆ ಅರಿಕುಠಾರವೆಂಬ ಗ್ರಾಮವು ಚಾಮರಾಜನಗರವೆಂಬ ಹೆಸರನ್ನು ತಾಳಿದುದಕ್ಕೂ, ಹಿಂದೂ ಮಹಾಸಾಗರದ ಒಂದು ದ್ವೀಪಕ್ಕೆ 1797-98ರಲ್ಲಿ ನಡೆದ ಹಾಯಿಹಡಗಿನ ಯಾನಕ್ಕೂ ಸಂಬಂಧವುಂಟು. ಆ ಯಾನವನ್ನು ಎಷ್ಟರಮಟ್ಟಿಗೆ ಕಾರಣವೆಂದು ಎಣಿಸಬಹುದೆಂಬುದೇ ಇಲ್ಲಿ ವಿಚಾರಿಸತಕ್ಕ ವಿಷಯ.

ಮೈಸೂರು ರಾಜ್ಯಕ್ಕೆ ಕಡಲಿನ ಬಾಗಿಲು ತೆರೆದುದು 1763ರಲ್ಲಿ ಹೈದರನು ಬಿದನೂರನ್ನು ಗೆದ್ದು ಮಂಗಳೂರಿನವರೆಗಿನ ಕರಾವಳಿಯನ್ನು ವಶಪಡಿಸಿಕೊಂಡಾಗ. ಅವನ ಮಗನಾದ ಟಿಪ್ಪೂ ಸುಲ್ತಾನನು ಈ ಬಾಗಿಲನ್ನು ವ್ಯಾಪಾರಕ್ಕೂ ರಾಯಭಾರಕ್ಕೂ ಉಪಯೋಗಿಸಿದನು. 1786ರಲ್ಲಿ ಉತ್ತರ ಕನ್ನಡದ ತದಡಿಯಿಂದ ನಾಲ್ಕು ಹಡಗುಗಳು ಕಾನ್‌ಸ್ಟಾಂಟಿನೋಪಲ್ ರಾಯಭಾರವನ್ನು ಹೊತ್ತು ಮಸ್ಕತ್, ಬಸ್ರಾಗಳ ಕಡೆಗೆ ಹೊರಟುವು. 1787ರಲ್ಲಿ ಮತ್ತೊಂದು ರಾಯಭಾರವು ಪುದುಚೇರಿಯಲ್ಲಿ ಫ್ರೆಂಚ್ ಹಡಗನ್ನೇರಿ, ಮಾರೀಷಸ್ ದ್ವೀಪವನ್ನೂ ಆಫ್ರಿಕದ ದಕ್ಷಿಣದ ಭೂಶಿರವನ್ನೂ ದಾಟಿ, 1788ರಲ್ಲಿ ತೂಲೋನ್ ಬಂದರನ್ನು ಮುಟ್ಟಿತು. ಆ ವರ್ಷದ ಆಗಸ್ಟಿನಲ್ಲಿ ಹದಿನಾರನೆಯ ಲೂಯಿ ದೊರೆಯು ದೂತರಿಗೆ ದರ್ಶನವನ್ನಿತ್ತನು. ಉಪಚಾರವು ಬೇಕಾದಷ್ಟಾಯಿತು; ಸೈನ್ಯಸಹಾಯವು ದೊರೆಯಲಿಲ್ಲ. 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಸುಲ್ತಾನನು ರಾಜ್ಯದ ಅರ್ಧಭಾಗವನ್ನೂ ಮಲಬಾರಿನ ಬಂದರುಗಳನ್ನೂ ಕಳೆದುಕೊಂಡನು. ಮಂಗಳೂರು ಮಾತ್ರ ಮುಖ್ಯ ಬಂದರಾಗಿ ಅವನಲ್ಲಿ ಉಳಿಯಿತು.

ಆ ಮಂಗಳೂರಿಗೆ 1797ರಲ್ಲಿ ರಿಪೋ ಎಂಬ ಫ್ರೆಂಚ್ ಖಾಸಗಿ ಸಮರನಾವಿಕನು ಜಖಂಗೊಂಡ ಹಡಗಿನೊಡನೆ ಬಂದು ಸೇರಿದನು. ಮಾರೀಷಸ್ಸಿನಲ್ಲಿ ಭಾರಿ ಸೈನ್ಯವು ಸಿದ್ಧವಾಗಿರುವುದೆಂದೂ, ಸುಲ್ತಾನನು ಕೇಳಿದರೆ ಸಾಕೆಂದೂ ಆತನು ನಂಬಿಸಿದನು. ಶ್ರೀರಂಗಪಟ್ಟಣದ ಅರಮನೆಯಲ್ಲಿ 1799ರಲ್ಲಿ ದೊರೆತ ಕಾಗದಪತ್ರಗಳನ್ನು ನೋಡಿದರೆ, ಸುಲ್ತಾನನ ಅಧಿಕಾರಿಗಳಲ್ಲಿ ಹಲವರು ಈ ಮಾತನ್ನು ಸಂಶಯದಿಂದ ಕಂಡಿದ್ದರೆಂಬುದು ವಿದಿತವಾಗುತ್ತದೆ. ಆದರೂ ಇಬ್ಬರು ದೂತರು ವರ್ತಕರ ವೇಷದಲ್ಲಿ, ಗುಟ್ಟನ್ನು ಕಾಪಾಡತಕ್ಕದ್ದೆಂಬ ಆಜ್ಞೆಯನ್ನು ಪಡೆದು, 1797ರ ಕೊನೆಯಲ್ಲಿ ಮಂಗಳೂರಿನಿಂದ ಹಡಗನ್ನೇರಿದರು.

ಹಾಯಿಹಡಗಿನ ಕಾಲದಲ್ಲಿ ರಾಜನೀತಿಯೂ ಗಾಳಿಗೆ ಅಧೀನವಾಗಿತ್ತು. ನವೆಂಬರಿನಿಂದ ಮಾರ್ಚಿಯವರೆಗೆ ಬೀಸುವ ಈಶಾನ್ಯ ಮಾರುತವು ಕನ್ನಡ ಕರಾವಳಿಯ ನಾವೆಗಳನ್ನು ತೆಂಕಣ ಪಡುವಣಕ್ಕೆ ಒಯ್ಯುತ್ತದೆ. ಜೂನಿನಿಂದ ನೈರುತ್ಯ ಮಾರುತವು ಪ್ರಬಲವಾಗಿ ಪಶ್ಚಿಮ ತೀರದ ಬಂದರುಗಳು ಮುಚ್ಚುವುವು. ಆದಕಾರಣ ಚಳಿಗಾಲದಲ್ಲಿ ಹೋಗಿ ಮಳೆಗಾಲಕ್ಕೆ ಮುನ್ನ ಮರಳಬೇಕಾಗಿತ್ತು. ಮಂಗಳೂರಿಗೂ ಮಾರೀಷಸ್ಸಿಗೂ ನಡುವಣ ಹಾದಿ ಸುಮಾರು ಎರಡೂವರೆ ಸಾವಿರ ಮೈಲಿ.

ಆ ದ್ವೀಪವನ್ನು ಹದಿನೇಳನೆಯ ಶತಮಾನದಲ್ಲಿ ಡಚ್ಚರು ಹಿಡಿದು, 1710ರಲ್ಲಿ ಬಿಟ್ಟುಹೋದರು. 1715ರಲ್ಲಿ ಫ್ರೆಂಚರು ಅದನ್ನು ಸೇರಿಸಿಕೊಂಡು ‘ಫ್ರಾನ್ಸಿನ ದ್ವೀಪ’ವೆಂದು ಹೆಸರಿಟ್ಟರು. 1735ರಲ್ಲಿ ಅಧಿಕಾರಕ್ಕೆ ಬಂದ ಲಾಬೂರ್ದೊನೆಯು ಪೋರ್ಟ್ ಲೂಯಿಯನ್ನು ದೊಡ್ಡ ಬಂದರನ್ನಾಗಿ ಮಾಡಿದನು. 1798ರ ಜನವರಿಯಲ್ಲಿ ದೂತರು ಅಲ್ಲಿ ಇಳಿದಾಗ ಗವರ್ನರನಾಗಿದ್ದವನು ಮಲಾರ್ತಿಕ್. ರಿಪೋ ಹೇಳಿದ ಸೈನ್ಯವು ಅಲ್ಲಿರಲಿಲ್ಲ. ಮಲಾರ್ತಿಕನು ದೂತರನ್ನು ಬಹಿರಂಗವಾಗಿ ಮರ್ಯಾದೆಯಿಂದ ಎದುರುಗೊಂಡು, ತಿಂಗಳ ಕೊನೆಯಲ್ಲಿ ಒಂದು ಘೋಷಣಾಪತ್ರವನ್ನು ಹೊರಡಿಸಿದನು. ಸುಲ್ತಾನನು ಇಂಗ್ಲಿಷರನ್ನು ಭಾರತದಿಂದ ಹೊರಡಿಸಲು ಫ್ರೆಂಚರ ಮೈತ್ರಿಯನ್ನು ಕೋರಿರುವನೆಂದೂ, ಇಷ್ಟವುಳ್ಳವರು ಅವನ ಸೇವೆಗೆ ಹೆಸರು ಬರೆಯಿಸಬಹುದೆಂದೂ ಅದರ ತಾತ್ಪರ್ಯ. ಗುಟ್ಟಾಗಿರಬೇಕಾಗಿದ್ದ ಕಾರ್ಯವು ಹೀಗೆ ಬಂದರಿನ ಬೀದಿಯ ಮಾತಾಯಿತು. ಹೆಸರು ಕೊಟ್ಟವರು ನೂರರ ಆಸುಪಾಸಿನ ಮಂದಿ ಮಾತ್ರ.

ಇವರನ್ನೂ ದೂತರನ್ನೂ ಹೊತ್ತ ‘ಪ್ರೆನೂಸ್’ ಎಂಬ ಯುದ್ಧನೌಕೆಯು ಮಾರ್ಚಿ 7ರಂದು ಪೋರ್ಟ್ ಲೂಯಿಯನ್ನು ಬಿಟ್ಟಿತು. ಇದು ಮೂರು ಕೂವೆಮರಗಳ ಫ್ರಿಗೇಟ್ ಜಾತಿಯ ಹಡಗು. ಲೆರ್ಮಿತ್ ಎಂಬುವನು ಇದರ ನಾಯಕ. ಮಲಬಾರಿನ ತೀರವನ್ನು ಸೇರಿದ ಮೇಲೆ ತಲಚೇರಿಯ ಬಳಿ ಲಂಗರು ಹಾಕಿದ್ದ ಕಂಪೆನಿಯ ಎರಡು ಹಡಗುಗಳನ್ನು ಸೆರೆಹಿಡಿದು, ಏಪ್ರಿಲ್ 26ರಂದು, ಹೊರಟ ಐವತ್ತನೆಯ ದಿನ, ಮಂಗಳೂರನ್ನು ಮುಟ್ಟಿತು. ಅಂತು ಸಹಾಯಸೈನ್ಯದ ಯಾನವು ಪೂರ್ತಿಯಾಯಿತು. ಸುಲ್ತಾನನಿಗೆ ದೊರೆತ ಬಲವು ಒಂದು ಸಣ್ಣ ತುಕಡಿಗಿಂತ ಹೆಚ್ಚಿನದಲ್ಲ.

ಘೋಷಣಾಪತ್ರವಾದರೋ ಬೇರೆ ದಾರಿಯನ್ನು ಹಿಡಿಯಿತು. ಅದರ ಪ್ರತಿಯು ಜೂನ್ ತಿಂಗಳಲ್ಲಿ ಕಲ್ಕತ್ತೆಯಲ್ಲಿ, ಆಗತಾನೆ ಗವರ್ನರ್ ಜನರಲ್ ಆಗಿ ಬಂದಿದ್ದ ಮಾರ್ನಿಂಗ್‌ಟನ್ ಪ್ರಭುವಿನ, ಎಂದರೆ ಮುಂದೆ ವೆಲ್ಲೆಸ್ಲಿಯೆಂದು ಪ್ರಸಿದ್ಧನಾದವನ, ಕೈಸೇರಿತು. ಮೊದಲು ಅದು ನಿಜವೋ ಕೃತ್ರಿಮವೋ ಎಂಬ ಸಂಶಯವಿತ್ತು. ಅದೇ ತಿಂಗಳಲ್ಲಿ ದಕ್ಷಿಣ ಆಫ್ರಿಕದ ಭೂಶಿರದಿಂದ ಬಂದ ಪತ್ರವು ಆ ಸಂಶಯವನ್ನು ಕಳೆಯಿತು. ಯುದ್ಧಸಿದ್ಧತೆಗೆ ಅಪ್ಪಣೆಯಾಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದಿತು. ಸುಲ್ತಾನನು ಕಾದಾಡುತ್ತ ಮಡಿದನು. ‘ಪ್ರೆನೂಸ್’ ನೌಕೆಯೂ ಅದೇ ವರ್ಷದ ಡಿಸೆಂಬರಿನಲ್ಲಿ ಮಾರೀಷಸ್ಸಿನ ತೀರದಲ್ಲಿಯೇ ನಾಶವಾಯಿತು. ದ್ವೀಪವು 1810ರಲ್ಲಿ ಇಂಗ್ಲಿಷರ ವಶವಾಯಿತು.

ಇಲ್ಲಿಂದ ಅರಿಕುಠಾರದ ಕಥೆಯು ಈ ಯಾನದ ಕಥೆಯೊಡನೆ ಕೂಡಿಕೊಳ್ಳುತ್ತದೆ. ಅರಿಕುಠಾರದ ದೇವರಾಜೇ ಅರಸಿನವರ ಮಗನಾಗಿ 1774ರಲ್ಲಿ ಜನಿಸಿದ ಶಿಶುವನ್ನು, ಅರಮನೆಯಲ್ಲಿ ಉತ್ತರಾಧಿಕಾರಿಯಿಲ್ಲದೆ ಹೋದಾಗ, ಹೈದರನು ಆರಿಸಿ 1776ರಲ್ಲಿ ಪಟ್ಟದ ಮೇಲೆ ಕುಳ್ಳಿರಿಸಿದನು. ಮಕ್ಕಳ ಮುಂದೆ ಆಟದ ಸಾಮಾನುಗಳನ್ನು ಹರಡಿಸಿದಾಗ ಈ ಶಿಶುವು ಕಠಾರಿಯನ್ನು ಹಿಡಿದುಕೊಂಡಿತೆಂದು ವಿಲ್ಕ್ಸನು ಬರೆದಿದ್ದಾನೆ. ಈ ಚಾಮರಾಜ ಒಡೆಯರು ನಾಮಮಾತ್ರಕ್ಕೆ ದೊರೆಯಾಗಿದ್ದು 1796ರಲ್ಲಿ ತೀರಿಕೊಂಡರು. ಅವರ ಮಗನು ಆಗ ಎರಡು ವರ್ಷದ ಕೂಸು. ಟಿಪ್ಪುವು ಆ ಕೂಸಿಗೆ ಪಟ್ಟವನ್ನು ಕಟ್ಟಲಿಲ್ಲ. 1799ರ ಜೂನ್ 30ರಂದು ಅದೇ ಬಾಲಕನು ಮುಮ್ಮಡಿ ಕೃಷ್ಣರಾಜ ಒಡೆಯರೆಂಬ ಹೆಸರಿನಿಂದ ಸಿಂಹಾಸನವನ್ನೇರಿದನು. ಬೆಳೆದು ಪ್ರೌಢರಾದ ಮೇಲೆ ಅವರು 1818ರಲ್ಲಿ ತಂದೆಯ ಜನ್ಮಸ್ಥಳಕ್ಕೆ ಚಾಮರಾಜನಗರವೆಂದು ನಾಮಕರಣ ಮಾಡಿ, 1826ರಲ್ಲಿ ಅಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದರು. ತಂದೆ ಹುಟ್ಟಿದ ಸ್ಥಳದಲ್ಲಿ ನಿಂತಿರುವ ಜನನ ಮಂಟಪವೂ ಅವರ ಪಿತೃಭಕ್ತಿಯ ಗುರುತೇ ಆಗಿದೆ.

ಗಡಿಗಳೂ ಆಗಲೇ ಬದಲಾದುವು. 1799ರ ವಿಭಾಗದಲ್ಲಿ ಕೊಯಮತ್ತೂರಿನೊಡನೆ ಕೊಳ್ಳೇಗಾಲವೂ ನೀಲಗಿರಿಯೂ ಕಂಪೆನಿಗೆ ಹೋದುವು. ಅರಿಕುಠಾರ, ಗುಂಡ್ಲುಪೇಟೆಗಳು ಒಡೆಯರ ರಾಜ್ಯದಲ್ಲಿ ಉಳಿದುವು. ಚಿಕ್ಕದೇವರಾಜ ಒಡೆಯರು ತಂದೆಯ ನೆನಪಿಗಾಗಿ ಬೆಳೆಯಿಸಿದ ಗುಂಡ್ಲುಪೇಟೆಯು ಹಿಂದೆ ವಯನಾಡಿಗೂ ಕೊಯಮತ್ತೂರಿಗೂ ಹೋಗುವ ದಾರಿಯ ನಡುವಣ ಠಾಣ್ಯವಾಗಿತ್ತು. ವಯನಾಡು ಕಂಪೆನಿಯ ಕೈಸೇರಿದ ಮೇಲೆ ಅದು ರಾಜ್ಯದ ತುತ್ತತುದಿಯ ಪೇಟೆಯಾಯಿತು. ಟಿಪ್ಪುವಿನ ಮಂತ್ರಿಯಾಗಿದ್ದು ಹೊಸ ರಾಜ್ಯದ ದಿವಾನರಾದ ಪೂರ್ಣಯ್ಯನವರಿಗೆ 1807ರಲ್ಲಿ ಯಳಂದೂರು ಜಹಗೀರಾಗಿ ದೊರೆಯಿತು. ಕೊಳ್ಳೇಗಾಲವು 1956ರಲ್ಲಿ ಮೈಸೂರಿಗೆ ಮರಳಿತು. 1997ರಲ್ಲಿ ಈ ನಾಲ್ಕು ತಾಲ್ಲೂಕುಗಳು ಸೇರಿ ಚಾಮರಾಜನಗರ ಜಿಲ್ಲೆಯಾದುವು. ಒಂದೂವರೆ ಶತಮಾನಕ್ಕೂ ಮಿಕ್ಕಿ ಬೇರೆಬೇರೆ ಆಡಳಿತಗಳಲ್ಲಿ ಬೆಳೆದ ಈ ತಾಲ್ಲೂಕುಗಳ ಭೂದಾಖಲೆ, ಶಾಲೆ, ಆಡುಮಾತುಗಳನ್ನು ಅಭ್ಯಸಿಸುವವರು 1799ರ ಗೆರೆಯನ್ನು ಗಮನದಲ್ಲಿಟ್ಟುಕೊಳ್ಳುವುದು ಅವಶ್ಯಕ.

ಹಾಗಾದರೆ ಇಷ್ಟಕ್ಕೂ ಆ ನೌಕಾಯಾನವೇ ಕಾರಣವೆನ್ನಬಹುದೆ? ಇದಕ್ಕೆ ಎರಡು ಆಕ್ಷೇಪಗಳುಂಟು. ಮೊದಲನೆಯದು, ವೆಲ್ಲೆಸ್ಲಿಯು ಕಲ್ಕತ್ತೆಗೆ ಬರುವ ಮೊದಲೇ, ದಾರಿಯಲ್ಲಿ ದಕ್ಷಿಣ ಆಫ್ರಿಕದಲ್ಲಿ ತಂಗಿದ್ದಾಗಲೇ, ದೇಶೀಯ ಸಂಸ್ಥಾನಗಳಲ್ಲಿ ಫ್ರೆಂಚರ ಪ್ರಾಬಲ್ಯವನ್ನು ಮುರಿಯುವ ಆಲೋಚನೆಯಲ್ಲಿದ್ದನು. ನೂರು ಮಂದಿಯ ತುಕಡಿಯಿಂದ ಕಂಪೆನಿಗೆ ನಿಜವಾದ ಅಪಾಯವೇನೂ ಇರಲಿಲ್ಲ. ಎರಡನೆಯದು, ರಾಣಿ ಲಕ್ಷ್ಮಮ್ಮಣ್ಣಿಯವರು ಪ್ರಧಾನ್ ತಿರುಮಲರಾಯರ ಮೂಲಕ 1782ರಿಂದಲೇ ರಾಜ್ಯದ ಪುನಃಪ್ರಾಪ್ತಿಗಾಗಿ ಇಂಗ್ಲಿಷರೊಡನೆ ಸಂಧಾನವನ್ನು ನಡೆಸುತ್ತಿದ್ದರು. ಈ ಎರಡು ಮಾತುಗಳೂ ಯಥಾರ್ಥವಾದುವು.

ಆದರೆ ಇಚ್ಛೆ ಬೇರೆ, ಅವಕಾಶ ಬೇರೆ. ವೆಲ್ಲೆಸ್ಲಿಗೆ ಬೇಕಾಗಿದ್ದ, ಲೋಕದ ಮುಂದೆ ತೋರಿಸಬಹುದಾದ ಲಿಖಿತ ಸಾಕ್ಷ್ಯವನ್ನು ಒದಗಿಸಿದುದು ಪೋರ್ಟ್ ಲೂಯಿಯ ಆ ಪತ್ರವೇ. ರಾಣಿಯವರ ಹದಿನೇಳು ವರ್ಷದ ಪ್ರಯತ್ನವು ಫಲಿಸಲು ಯುದ್ಧವೊಂದು ಆಗಬೇಕಾಗಿತ್ತು. ಗೆದ್ದ ಮೇಲೆ ಸುಲ್ತಾನನ ಮಕ್ಕಳನ್ನು ಬಿಟ್ಟು ಹಳೆಯ ವಂಶವನ್ನು ಆರಿಸುವಂತೆ ವಾದಿಸಲು ಆ ಪ್ರಯತ್ನವೇ ಆಧಾರವಾಯಿತು. ಅದು ಕಾರಣ, ಯಾನವು ಯುದ್ಧದ ಕಾಲವನ್ನು ನಿಶ್ಚಯಿಸಿತೆಂದೂ, ರಾಣಿಯವರ ಸಂಧಾನವು ಅದರ ಫಲವು ಯಾರಿಗೆ ಸಲ್ಲಬೇಕೆಂಬುದನ್ನು ನಿಶ್ಚಯಿಸಲು ನೆರವಾಯಿತೆಂದೂ ಹೇಳುವುದು ಯುಕ್ತವಾಗಿ ತೋರುತ್ತದೆ. ಇವುಗಳಲ್ಲಿ ಒಂದನ್ನು ಬಿಟ್ಟು ಇನ್ನೊಂದರಿಂದ ಅರಿಕುಠಾರದ ನಾಮಾಂತರವನ್ನು ವಿವರಿಸಲಾಗದು. ಸ್ಥಳಚರಿತ್ರೆಯನ್ನು ಬರೆಯುವವರು ಚಾಮರಾಜೇಶ್ವರ ದೇವಾಲಯದ ಶಾಸನಗಳ ಪಕ್ಕದಲ್ಲಿ ಮಲಾರ್ತಿಕನ ಘೋಷಣಾಪತ್ರವನ್ನೂ ಇಟ್ಟು ಓದತಕ್ಕದ್ದು.